ಫಣೀಂದ್ರನ ಪಾಲು

“ಬಾಗುಂದಮ್ಮಾ, ಚಾಲಾ ಬಾಗುಂದಿ,” ಎಂದಳು ಉಮಾದೇವಿ, ಫೋನನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು.

ಚೆನ್ನಾಗಿದೆ, ಬಹಳ ಚೆನ್ನಾಗಿದೆ! ಕೃಪಾಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ವಿಜಯವಾಡದ ಆಟೋನಗರದ ಈ ಶೆಡ್ಡಿಗೆ ಅವಳು ಬರುತ್ತಿರುವುದು ಮೂರನೆಯ ಸಲ. ಲಾರಿ, ಬಸ್ಸುಗಳ ಸೀಟು ಹೊಲಿಯುವ ಈ ಹೆಂಗಸರು ಪ್ರತಿ ಸಲವೂ ಅವಳನ್ನು ಇದ್ದೊಂದು ಕುರ್ಚಿಯಲ್ಲಿ ಕೂರಿಸಿ, ಫ್ಯಾನನ್ನು ಅವಳ ಕಡೆಗೇ ತಿರುಗಿಸಿ, ಗೋಲಿಸೋಡಾ ಕೊಟ್ಟು ಇದನ್ನೇ ಹೇಳುತ್ತಿದ್ದರು.

ನೋಟು ರದ್ದಾದ ಮೇಲೆ ಸಾಹುಕಾರರಿಗೆಲ್ಲ ಮೊಬೈಲಿನ ಮೇಲೆ ಭಕ್ತಿ ಉಕ್ಕಿತ್ತು. ಈ ಶೆಡ್ಡಿನ ಮಾಲೀಕ ದುರ್ಗಾಪ್ರಸಾದ್ ಕೂಡ ಕೆಲಸ ಚುರುಕಾಗಲಿ ಎಂದು ವಿಶಾಖಪಟ್ಟಣದ ಕಂಪನಿಯೊಂದಕ್ಕೆ ಆ್ಯಪ್ ಮಾಡಲು ಹೇಳಿದ್ದರು. ಕೆಲಸ ಹಿಡಿದಾಗ ಹಸಿರು ಗುಂಡಿ ಒತ್ತಬೇಕು, ಮುಗಿದಾಗ ನೀಲಿ. ನಡುವೆ ಫೋನು ಹಿಡಿದವರು ಜಾಗ ಬಿಟ್ಟು ಎದ್ದರೆ ಅದು ತಾನಾಗಿಯೇ ಕೆಂಪಾಗುತ್ತದೆ. ಅದನ್ನು ವಿನ್ಯಾಸ ಮಾಡಿದವಳು ಕೃಪಾ. ಬಳಸುವವರನ್ನು ಕೇಳಿ ತಿದ್ದಬೇಕೆಂದು ಹಟ ಹಿಡಿದು ಈ ಓಡಾಟ ಹಚ್ಚಿಕೊಂಡವಳೂ ಅವಳೇ. ಅವಳ ಮೇಲಧಿಕಾರಿ ಫಣೀಂದ್ರ ನಿನ್ನೆ ಕಡ್ಡಿ ಮುರಿದಂತೆ ಹೇಳಿದ್ದ: “ಈ ಸಲವೂ ತಪ್ಪು ಸಿಗದಿದ್ದರೆ ಹೀಗೇ ಕೊಟ್ಟುಬಿಡೋಣ. ಕೇಳಿಕೊಂಡು ಬರೋದಕ್ಕೆ ಬೇರೆ ಆಳೂ ಬೇಡ.”

ಆ ಆಳು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಕೆಲಸ ಹೋಗುವ ಭಯದ ಜೊತೆಗೆ ಇನ್ನೊಂದು ಅನುಮಾನವೂ ಅವಳನ್ನು ಕೊರೆಯುತ್ತಿತ್ತು. ಆ್ಯಪಿನ ಲೆಕ್ಕ ತೀರಾ ಚೆಂದ ಬರುತ್ತಿತ್ತು. ಎಲ್ಲರೂ ಒಟ್ಟಿಗೇ ಶುರು, ಒಟ್ಟಿಗೇ ಮುಕ್ತಾಯ, ಕೆಂಪು ಒಂದೂ ಇಲ್ಲ. ಮನುಷ್ಯರು ಹಾಗೆ ಕೆಲಸ ಮಾಡುವುದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

ಕೊನೆಯ ಆಸೆ ಎಂದರೆ ಮೇಸ್ತ್ರಿ ಲಕ್ಷ್ಮೀಕಾಂತಮ್ಮ. ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದಾಕೆ. ಕೃಪಾಳ ಅಪ್ಪ ನೌಕಾಪಡೆಯವರು, ಮನೆಯ ಮಾತು ಧಾರವಾಡದ್ದು. ಕನ್ನಡದಲ್ಲಾದರೂ ಈಕೆ ಬಾಯಿ ಬಿಟ್ಟಾರು ಎಂದುಕೊಂಡಳು.

“ಅಮ್ಮಾರ, ಖರೇ ಹೇಳ್ರಿ. ಇದರಾಗ ಏನ್ ತ್ರಾಸ ಐತಿ?”

“ಏನೂ ಇಲ್ಲಮ್ಮ, ಭಾಳ ಚೆನ್ನಾಗೈತೆ. ಸೋಡಾ ಕುಡಿ, ಗ್ಯಾಸು ಹೋಗ್ತೈತೆ.”

ಕನ್ನಡದಲ್ಲೂ ಅದೇ ಬಾಗುಂದಿ! ಕೃಪಾಗೆ ಅಳುವೇ ಬರುವಂತಾಯಿತು. ಹೆತ್ತವಳ ಮುಂದೆ ಕೂಸಿನ ಮೂಗು ಸೊಟ್ಟ ಎಂದು ಯಾರು ತಾನೇ ಹೇಳುತ್ತಾರೆ? ಹಾಗೆ ಅನ್ನಿಸಿದ್ದೇ ತಡ, ಬಾಯಿಂದ ಒಂದು ಸುಳ್ಳು ಜಾರಿಬಿಟ್ಟಿತು.

“ಇದನ್ನ ಮಾಡಿದಾಕಿ ನಾನಲ್ರೀ. ನಮ್ಮ ಆಫೀಸಿನಾಗ ಫಣೀಂದ್ರ ಅಂತ ಒಬ್ಬಾಂವ ಅದಾನ್ರೀ, ಎಲ್ಲಾ ಅವಂದೇ. ನಾ ಬರೇ ಕೇಳ್ಕೊಂಡು ಹೋಗಾಕಿ.”

ಲಕ್ಷ್ಮೀಕಾಂತಮ್ಮ ಕತ್ತರಿ ಕೆಳಗಿಟ್ಟರು. “ನೀನಲ್ವಾ? ಮೊದಲೇ ಹೇಳಬಾರದೇನಮ್ಮಾ!” ಎಂದವರೇ ತಿರುಗಿ ಉಳಿದವರಿಗೆ ತೆಲುಗಿನಲ್ಲಿ ಸುದ್ದಿ ಮುಟ್ಟಿಸಿದರು. ಹೊಲಿಗೆಯ ಮಷಿನುಗಳು ಒಂದೊಂದಾಗಿ ನಿಂತವು.

“ಆ ಮಹಾನುಭಾವ ಫೋಮಿಗೆ ಹಚ್ಚೋ ಗಮ್ಮು ಮೆತ್ತಿದ ಕೈಲಿ ಒಂದಿನಾನಾದ್ರೂ ಫೋನು ಮುಟ್ಟಿದಾನಾ? ಬೆರಳಿನ ಜತೆಗೇ ಎದ್ದು ಬರ್ತೈತೆ!” ಎಂದರು ಲಕ್ಷ್ಮೀಕಾಂತಮ್ಮ.

ಆಗತಾನೆ ಹೊಗಳಿದ್ದ ಉಮಾದೇವಿ ತೆಲುಗಿನಲ್ಲೇ ಹರಿಹಾಯ್ದಳು. “ಬಚ್ಚಲಿಗೆ ಹೋಗಿ ಬರೋದ್ರೊಳಗೆ ಕೆಂಪು! ಅದು ಸಾಹುಕಾರರ ಫೋನಿನಲ್ಲೂ ಕಾಣತ್ತೆ. ನಾವು ಎಷ್ಟು ಸಲ ಎದ್ದೆವು ಅಂತ ಗಂಡಸರಿಗೆ ತಿಳೀಬೇಕಾ? ಅವನಿಗೆ ಅಕ್ಕತಂಗಿಯರಿಲ್ವಾ?”

“ಆದ್ರ ಕೆಂಪು ಒಂದೂ ಬಂದೇ ಇಲ್ಲಲ್ರೀ?” ಎಂದು ಕೃಪಾ ಲಕ್ಷ್ಮೀಕಾಂತಮ್ಮನವರ ಮುಖ ನೋಡಿದಳು.

“ಹೆಂಗೆ ಬರ್ತೈತೆ? ಬೆಳಿಗ್ಗೆ ಎಲ್ಲಾರದೂ ನಾನೇ ಹಸಿರು ಒತ್ತಿ, ಜಾಗ ಬಿಡದಂಗೆ ಇಟ್ಟು, ಸಂಜೆ ನಾನೇ ಮುಗಿಸ್ತೀನಿ. ನಡುವೆ ಎಲ್ಲಾ ಫೋನೂ ಡ್ರಾಯರ್‌ನಾಗೆ ನಿದ್ದೆ ಮಾಡ್ತಾವೆ. ನೀನು ಬಂದಾಗ ಎಬ್ಬಿಸ್ತೀವಿ.”

ಆ ಕೆಂಪನ್ನು ಆರಿಸಿದವಳು ಕೃಪಾ. ಸಾಹುಕಾರರಿಗೂ ಕಾಣಲಿ ಎಂದವಳೂ ಅವಳೇ. ಬೈಗುಳ ಫಣೀಂದ್ರನ ಹೆಸರು ಹೊತ್ತು ಹೊರಟು ನೆಟ್ಟಗೆ ಅವಳಿಗೇ ಬಂದು ನಾಟುತ್ತಿತ್ತು. ನಾಚಿಕೆಯಾಯಿತು ನಿಜ. ಆದರೆ ಅದಕ್ಕೂ ಹೆಚ್ಚಾಗಿ, ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಕುರ್ಚಿ ಬಿಟ್ಟು, ಫೋಮಿನ ರಾಶಿಯ ಮೇಲೆ ಅವರ ನಡುವೆ ಹೋಗಿ ಕುಳಿತಳು.

“ಇನ್ನೂ ಬೈರಿ,” ಎಂದಳು.

ಅವರೇನೂ ಕಡಿಮೆ ಮಾಡಲಿಲ್ಲ. ಊಟ ಬಿಚ್ಚಿದರೂ ಬಾಯಿ ನಿಲ್ಲಲಿಲ್ಲ. ಆಮೇಲೆ ಕೃಪಾ ಹೊರಗೆ ಬಂದು ಫೋನಿನಲ್ಲಿ ಫಣೀಂದ್ರನಿಗೆ ಅವರು ಹೇಳಿದ ತಪ್ಪುಗಳನ್ನೆಲ್ಲ ಒಪ್ಪಿಸಿದಳು. “ಒಳ್ಳೇದಾಯ್ತು ಹೋಗಿದ್ದು,” ಎಂದ ಅವನು. “ಬಾ, ಕೂತು ತಿದ್ದೋಣ. ತಿದ್ದಿದ ಮೇಲೆ ಮತ್ತೆ ನೀನೇ ಹೋಗಿ ಕೇಳಬೇಕಾಗುತ್ತೆ.”

ಅವಳು ಹೊರಟಾಗ ಲಕ್ಷ್ಮೀಕಾಂತಮ್ಮ ದಾರ ಸುತ್ತಿದ ಎರಡು ಪೊಟ್ಟಣ ತಂದರು.

“ಪುಳಿಹೋರ, ಹುಣಸೆಹುಳಿ ಅನ್ನ. ಇದು ನಿಂದು, ಇದು ಆ ಹುಡುಗಂದು. ಯಾರ ಮಗನೋ ಪಾಪ, ಭಾಳ ಬೈದುಬಿಟ್ವಿ. ಬ್ಯಾಸರ ಮಾಡ್ಕೋಬ್ಯಾಡ ಅನ್ನು.”

ನಿಜ ಹೇಳಿಬಿಡಲೇ ಎಂದು ಕೃಪಾಗೆ ನಾಲಿಗೆಯ ತುದಿಯವರೆಗೂ ಬಂತು. ಆಟೋದವನು ಹಾರ್ನ್ ಹೊಡೆದ. ಸುಮ್ಮನೆ ಎರಡನ್ನೂ ಬ್ಯಾಗಿಗೆ ಹಾಕಿಕೊಂಡಳು.

ವಿಶಾಖಪಟ್ಟಣದ ರೈಲು ಏಲೂರು ತಲುಪುವಷ್ಟರಲ್ಲಿ ಅವಳ ಪೊಟ್ಟಣ ಖಾಲಿಯಾಗಿತ್ತು. ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಳು. ಗೋದಾವರಿಯ ಸೇತುವೆ ಬಂದಾಗ ಸಂಜೆಯ ಬೆಳಕು ಬೋಗಿಯೊಳಗೆ ಬಂತು. ಕೃಪಾ ಫಣೀಂದ್ರನ ಪೊಟ್ಟಣದ ದಾರ ಬಿಚ್ಚಿದಳು. ಪುಳಿಹೋರದ ಮೇಲೆ, ಅವಳ ಪಾಲಿನಲ್ಲಿ ಇರದಿದ್ದ ಎರಡು ಉದ್ದಿನ ವಡೆಗಳಿದ್ದವು. ಸಾವಕಾಶವಾಗಿ, ಒಂದು ಅಗುಳೂ ಬಿಡದೆ ತಿಂದಳು.