ಹತ್ತರಗಿ ಕಾಣದ ಪಟ್ಟಿ

ಗೋಕಾಕದ ಒಂದು ಪುಟ್ಟ ಆಫೀಸಿಗೆ ಯಶೋಧರಾ ಸೇರಿ ಮೂರು ತಿಂಗಳಾಗಿತ್ತು. ಕುರಿಗಳಿಗೆ ಲಸಿಕೆ ಹಾಕುವವರು ಬಳಸುವ ಆ್ಯಪ್ ಅಲ್ಲಿ ತಯಾರಾಗುತ್ತಿತ್ತು. ಆ್ಯಪ್ ಒಂದೇ, ಆದರೆ ಊರುಗಳ ಪಟ್ಟಿಯ ಫೈಲು ಮೂಡಲಗಿ ತಾಲೂಕಿಗೆ ಬೇರೆ, ಹುಕ್ಕೇರಿ ತಾಲೂಕಿಗೆ ಬೇರೆ. ಸರಿಯಾದ ಫೈಲನ್ನು ಆ್ಯಪಿನೊಳಗೆ ಕಾಪಿ ಮಾಡುವ ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಹಿರಿಯ ಸಹೋದ್ಯೋಗಿ ಪ್ರಭು ಬರೆದಿದ್ದರು.

ಸೋಮವಾರ ಬೆಳಿಗ್ಗೆ ಹುಕ್ಕೇರಿ ತಾಲೂಕಿನ ಹತ್ತರಗಿಯಿಂದ ಲಸಿಕೆ ಹಾಕುವ ಯಲ್ಲೇಶನ ಫೋನು ಬಂತು.

"ಅಕ್ಕಾರ, ಹೊಸಾ ಆ್ಯಪಿನ್ಯಾಗ ನಮ್ಮೂರ ಇಲ್ರಿ! ಬರೇ ಮೂಡಲಗಿ ಕಡೀ ಊರು ತೋರಸಾಕತ್ತೈತಿ. ಊರು ಆರಿಸದ ಮುಂದ ಹೋಗಂಗಿಲ್ಲ. ಇಲ್ಲಿ ಕಾಡವ್ವ ಕಾಕು ಇನ್ನೂರು ಕುರಿ ತಡಕೊಂಡು ನಿಂತಾಳ."

ಪ್ರಭು ತಲೆ ಎತ್ತದೆ ಹೇಳಿದರು: "ಹಿಂದೂ ಎರಡ ಸಲ ಹಿಂಗ ಆಗಿತ್ತವಾ. ಫೈಲ್ ಕೈಲೇ ಹಾಕಿ ಕಳಿಸಿಬಿಡು."

"ಮೂರನೇ ಸಲ ಆತಲ್ರಿ ಸರ್. ಅರ್ಧ ತಾಸು ಕೊಡ್ರಿ, ಸ್ಕ್ರಿಪ್ಟ್ ನೋಡ್ತೇನಿ."

"ಅದನ್ನ ನಾನ ಬರದೇನಿ. ಅದರಾಗ ಏನೂ ತಪ್ಪಿಲ್ಲ."

ಅಳುಕುತ್ತಲೇ ಅವಳು ಒಂದೊಂದು ಸಾಲನ್ನೂ ಓದಿದಳು. ಒಂದು ಷರತ್ತಿನ ಮೇಲೆ ಕಣ್ಣು ನಿಂತಿತು: ಆ್ಯಪಿನ ಫೋಲ್ಡರಿನಲ್ಲಿ ಮೊದಲೇ ಇರುವ ಫೈಲಿಗಿಂತ ಈಗ ಹಾಕುವ ಫೈಲು ಹೊಸದಾಗಿದ್ದರೆ ಮಾತ್ರ ಕಾಪಿ ಮಾಡು. ಎರಡೂ ಫೈಲುಗಳ ತಾರೀಖು ತೆರೆದು ನೋಡಿದಳು.

"ಸರ್, ತಾರೀಖು ನೋಡ್ರಿ. ಮೂಡಲಗಿ ಪಟ್ಟಿ ಶುಕ್ರವಾರ ತಿದ್ದಿದ್ದು, ಅದು ಫೋಲ್ಡರಿನ್ಯಾಗ ಉಳದೈತಿ. ಹುಕ್ಕೇರಿದು ಹೋದ ವರ್ಷದ್ದು. ಹಳೇದಂತ ಸ್ಕ್ರಿಪ್ಟ್ ಅದನ್ನ ಕಾಪೀನ ಮಾಡಿಲ್ಲ. ಮ್ಯಾಲ ಎಲ್ಲಾ ಮುಗೀತು ಅಂತ ಬ್ಯಾರೆ ಹೇಳೈತಿ!"

ಪ್ರಭು ಕುರ್ಚಿ ಎಳೆದುಕೊಂಡು ಬಂದು ನೋಡಿದರು. ಮುಖ ಕೆಂಪಾಯಿತು, ಆಮೇಲೆ ನಗು ಬಂತು. "ಖರೆ ಐತಿ. ತಪ್ಪು ನಂದ. ತಿದ್ದು."

ಅವಳು ತಿದ್ದಿದಳು. ಯಾವ ತಾಲೂಕಿನ ಆ್ಯಪೋ ಅದೇ ತಾಲೂಕಿನ ಫೈಲು, ತಾರೀಖು ಯಾವುದೇ ಇರಲಿ. ಫೈಲೇ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲಬೇಕು. ಮೂಡಲಗಿ, ಹುಕ್ಕೇರಿ, ಮತ್ತೆ ಮೂಡಲಗಿ ಎಂದು ತಿರುವಿ ತಿರುವಿ ಪರೀಕ್ಷಿಸಿದಳು. ಬೇಕೆಂದೇ ಒಂದು ಫೈಲು ಬಚ್ಚಿಟ್ಟಳು. ಸ್ಕ್ರಿಪ್ಟು ಕೆಂಪಕ್ಷರದಲ್ಲಿ ತಕರಾರು ತೆಗೆದು ನಿಂತಿತು. ಬಚ್ಚಿಟ್ಟದ್ದನ್ನು ವಾಪಸ್ಸು ಇಟ್ಟು, ಹುಕ್ಕೇರಿಯ ಆ್ಯಪ್ ಕಳಿಸಿದಳು.

ಫೋನು ಬಂತು. "ಬಂತ್ರಿ ಅಕ್ಕಾರ! ಹತ್ತರಗಿ ಬಂತು!" ಯಲ್ಲೇಶ ಕೂಗುತ್ತಿದ್ದ. ಅವನ ಕೈಯಿಂದ ಫೋನು ಕಸಿದುಕೊಂಡ ಕಾಡವ್ವ, "ಯಾರ್ ಬೇ ನೀ? ಭಾಳ ಶಾಣ್ಯಾಕಿ ಅದಿ ನೋಡ" ಎಂದಳು. ಹಿಂದೆ ಕುರಿಗಳ ಅರಚಾಟ.

ಪ್ರಭು ಎದ್ದು ನಿಂತು ಇಡೀ ಆಫೀಸಿಗೆ ಕೇಳುವಂತೆ ಹೇಳಿದರು: "ಇನ್ನ ಮ್ಯಾಲ ಸ್ಕ್ರಿಪ್ಟಿಗೆ ಕೈ ಹಚ್ಚೂದಿದ್ರ ಮದ್ಲ ಯಶೋಧರಾನ್ನ ಕೇಳ್ರಿ. ನಾನೂ ಕೇಳ್ತೇನಿ."