ಸಾಸಿವೆಯಷ್ಟು ಮೊಗ್ಗು

"ಇಳಿಸ್ರಲಾ ಚಟ್ಟ," ಎಂದ ಮುನಿಸ್ವಾಮಪ್ಪ.

ಹೆಗಲಿಗೇರಿದ್ದ ಚಟ್ಟ ಮತ್ತೆ ಅಂಗಳಕ್ಕಿಳಿಯಿತು. ಊರಿಗೆ ಹಿರಿಯನಾದ ಅವನ ಕೈಯಲ್ಲಿ ಒಂದು ಹಗ್ಗವಿತ್ತು. ನಿನ್ನೆ ಬೆಳಿಗ್ಗೆ ಚಿಕ್ಕವೆಂಕಟಮ್ಮ ಯಾವ ಅತ್ತಿಮರದ ಕೆಳಗೆ ಕುತ್ತಿಗೆ ಮುರಿದು ಬಿದ್ದಿದ್ದಳೋ ಅದರ ಕೊಂಬೆಯಿಂದ ಬಿಚ್ಚಿ ತಂದದ್ದು.

"ಇದು ಅಲ್ಲಿ ಯಾಕಿತ್ತು? ಅರವತ್ತು ವರ್ಷದ ಮುದುಕಿ ಅಗ್ಗ ಇಡ್ಕೊಂಡು ಮರ ಅತ್ತೋದು ಕಾಯಿ ತಿನ್ನಕ್ಕಾ? ತಾನಾಗಿ ಸತ್ತೋರ್ನ ವಂಶದ ತೋಟದಾಗೆ ಮಣ್ಣು ಮಾಡಂಗಿಲ್ಲ. ಕೆರೆ ಇಂದ್ಗಡೆ ಅಳ್ಳಕ್ಕೆ ಒಯ್ರಿ."

ಗಂಗರತ್ನ ಹೊಸ್ತಿಲಲ್ಲಿ ನಿಂತಿದ್ದಳು. ಎರಡನೇ ಮಹಾಯುದ್ಧ ಶುರುವಾದ ವರ್ಷ ಬೆಂಗಳೂರಿನ ಕಾಲೇಜಿಗೆ ಸೇರಿ ಸಸ್ಯಶಾಸ್ತ್ರ ಓದುತ್ತಿದ್ದ ಅವಳು ಬೆಳಗಿನ ರೈಲಿಗೆ ಬಂಗಾರಪೇಟೆಯಲ್ಲಿ ಇಳಿದು ಬಂದಿದ್ದಳು. ಸತ್ತವಳು ಅವಳ ದೊಡ್ಡಮ್ಮ. ಅಪ್ಪ ಮುನಿನಾರಾಯಣಪ್ಪನ ಅಣ್ಣನ ಹೆಂಡತಿ. ಮದುವೆಯಾದ ಮೂರನೇ ವರ್ಷ ಗಂಡನನ್ನು ಕಾಲರಾಕ್ಕೆ ಕೊಟ್ಟು, ಮಕ್ಕಳಿಲ್ಲದೆ, ಇದೇ ಮನೆಯಲ್ಲಿ ನಲವತ್ತು ವರ್ಷ ದನ ಕಟ್ಟಿದವಳು.

ಹಗ್ಗ ಯಾಕೆಂದು ಗಂಗರತ್ನಳಿಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೆಂಬುದೂ ಗೊತ್ತಿತ್ತು. "ನಿನ್ನ ಓದಿಂದ ಈ ಮನೆಗೆ ಒಂದು ಕೆಡುಕು ಬಂದ್ರೂ ಅವತ್ತೇ ಬಿಡಿಸ್ತೀನಿ" ಎಂದು ಎಚ್ಚರಿಸಿಯೇ ಅಪ್ಪ ಅವಳನ್ನು ಕಳಿಸಿದ್ದ.

"ಸಾರಾಯಿ ಬೇರೆ ತರಿಸ್ತಿದ್ಲಂತೆ," ಎಂದಳು ನೆರೆಮನೆಯ ಮಂಗಮ್ಮ.

"ಕುಡಿಯಕ್ಕಲ್ಲಮ್ಮ," ಎಂದ ಆಂಡರ್ಸನ್‌ಪೇಟೆಯಿಂದ ಸೀಸೆ ತಂದುಕೊಡುತ್ತಿದ್ದ ಆರುಮುಗಂ. "ಕಾಯಿ ಕೆಡದಂಗೆ ನೆನೆ ಆಕಕ್ಕೆ ಅಂತಿತ್ತು ಮುದುಕಿ. ನಾನು ಒಂದು ಗುಟುಕು ಕೇಳಿದ್ರೆ, ನೀನೇನು ಅತ್ತಿಕಾಯೇನ್ಲಾ ಅಂತ ಬೈದುಬಿಡ್ತು."

ನೆರೆದವರಲ್ಲಿ ಇಬ್ಬರು ನಕ್ಕರು. ಆರುಮುಗಂನ ಕಣ್ಣು ಗಂಗರತ್ನಳತ್ತ ಹೊರಳಿತು. ಅವನು ಗುಂಪಿನ ಹಿಂದಕ್ಕೆ ಸರಿದ.

*

ಹೋದ ಭಾನುವಾರ ಇದೇ ಅಂಗಳದಲ್ಲಿ ಅವಳು ಅತ್ತಿಕಾಯೊಂದನ್ನು ಬ್ಲೇಡಿನಿಂದ ಸೀಳಿ, ಭೂತಗನ್ನಡಿಯನ್ನು ದೊಡ್ಡಮ್ಮನ ಕೈಗಿಟ್ಟಿದ್ದಳು.

"ಇವೆಲ್ಲ ಊವಾ? ಅತ್ತಿ ಊವ ಕಂಡೋರಿಲ್ಲ ಅಂತಾರಲ್ಲೇ."

"ಒಳಗೇ ಅರಳ್ತವೆ ದೊಡ್ಡಮ್ಮ. ಇವು ಹೆಣ್ಣು ಹೂ. ಶುರುವಿನಲ್ಲಿ ಬೀಜ ಕಟ್ಟೋ ಬಸಿರಿನ ಗೂಡಿಗೆ ಎರಡು ಉಬ್ಬು ಏಳ್ತವೆ. ಒಂದು ಬೆಳೆದು ಬೀಜ ಹಿಡೀತದೆ. ಇನ್ನೊಂದು ಅಷ್ಟಕ್ಕೇ ನಿಂತುಹೋಗ್ತದೆ."

ದೊಡ್ಡಮ್ಮ ಗಾಜನ್ನು ಕಣ್ಣಿನಿಂದ ತೆಗೆಯಲಿಲ್ಲ. "ನಿಂತೋಗಿದ್ದು ಉದುರೋಯ್ತದಾ?"

"ಇಲ್ಲ. ಬೆಳೆದದ್ದಕ್ಕೇ ಅಂಟಿಕೊಂಡು ಗೂಡಿನ ಗೋಡೆಗೆ ಸೇರಿಬಿಡ್ತದೆ ಅಂತಾರೆ ನಮ್ಮ ಮೇಷ್ಟ್ರು. ನಾನೇ ಕಾಣಬೇಕಂದ್ರೆ ಎಳೇ ಮೊಗ್ಗು ಬೇಕು. ಸಾಸಿವೆಯಷ್ಟು. ಬಲಿತದ್ದರಲ್ಲಿ ಗುರುತೇ ಸಿಗಲ್ಲ."

"ಅಂಗಾದ್ರೆ ಕಾಣ್ದಿದ್ರೂ ಇರ್ತದೆ ಅನ್ನು." ದೊಡ್ಡಮ್ಮ ಮರದ ತುದಿ ನೋಡಿದಳು. "ಕೆಳಗಿಂದೆಲ್ಲ ಆಡು ತಿಂದಾಕವೆ. ಮೇಲ್ಗಡೆ ಐತೆ. ಬರೋ ಭಾನುವಾರಕ್ಕೆ ಮಡಗಿರ್ತೀನಿ ಬಿಡು."

ಬೇಡ ಎನ್ನಬಹುದಿತ್ತು. "ಒದ್ದೆ ಬಟ್ಟೇಲಿ ಸುತ್ತಿಡು," ಎಂದಿದ್ದಳು ಗಂಗರತ್ನ.

*

"ಏಳ್ರಿ, ಅಳ್ಳಕ್ಕೆ," ಎಂದ ಮುನಿಸ್ವಾಮಪ್ಪ. ಮುನಿನಾರಾಯಣಪ್ಪ ತಲೆ ತಗ್ಗಿಸಿ ಬಿದಿರಿಗೆ ಕೈಹಾಕಿದ.

"ಮರ ಹತ್ತಿಸಿದ್ದು ನಾನು," ಎಂದಳು ಗಂಗರತ್ನ. "ಕಾಲೇಜಿಗೆ ಮೊಗ್ಗು ಬೇಕು ಅಂದಿದ್ದೆ. ಆ ಹಗ್ಗ ಹಿಡಿದು ಹತ್ತೋಕೆ ಕಟ್ಟಿದ್ದು."

"ದೊಡ್ಡಮ್ಮನ ಮಾನ ಉಳ್ಸಕ್ಕೆ ಕತೆ ಕಟ್ಟಬ್ಯಾಡ ಕಣಮ್ಮ," ಎಂದ ಮುನಿಸ್ವಾಮಪ್ಪ.

"ಅವಳ ಸಂಚಿ ನೋಡಿ."

ಮೈ ತೊಳೆಯುವಾಗ ಸೀರೆಯೊಂದಿಗೆ ತೆಗೆದಿಟ್ಟಿದ್ದ ಎಲೆಅಡಿಕೆ ಸಂಚಿಯನ್ನು ಮಂಗಮ್ಮನೇ ತಂದುಕೊಟ್ಟಳು. ಅಡಿಕೆಚೂರು, ಸುಣ್ಣದ ಡಬ್ಬಿ. ಅದರಡಿಯಲ್ಲಿ ಇನ್ನೂ ಒದ್ದೆ ಆರದ ಬಟ್ಟೆಯ ಗಂಟು. ಮುನಿಸ್ವಾಮಪ್ಪ ಬಿಚ್ಚಿದ. ಅಂಗೈಯ ನಡುವೆ ಹನ್ನೊಂದು ಹಸಿರು ಕಾಳು.

"ಇಷ್ಟಕ್ಕಾ?" ಎಂದ. ಹಗ್ಗವನ್ನು ಕೆಳಗೆ ಹಾಕಿದ. "ತೋಟಕ್ಕೆ ನಡೀರಿ."

ಮುನಿನಾರಾಯಣಪ್ಪ ಮಗಳ ಮುಖ ನೋಡಲಿಲ್ಲ. "ನಾಳೆ ರೈಲಿಗೆ ನೀನು ಓಗಾಕಿಲ್ಲ."

"ಗೊತ್ತು ಅಪ್ಪ."

ಹೆಂಗಸರು ಹೆಣದ ಜೊತೆ ಬರುವುದು ಊರ ಕೊನೆಯ ಹುಣಸೆಮರದ ತನಕ ಮಾತ್ರ. ಎಲ್ಲರೂ ಅಲ್ಲಿ ನಿಂತು, ಅತ್ತು, ತಿರುಗಿದರು. ಗಂಗರತ್ನ ತಿರುಗಲಿಲ್ಲ. ಚಟ್ಟದ ಹಿಂದೆ ಹತ್ತು ಮಾರು ಬಿಟ್ಟು ನಡೆದಳು. ಮುನಿಸ್ವಾಮಪ್ಪ ಗದರಲು ಬಾಯಿ ತೆರೆದ. ಮುಂದಿನ ಬಿದಿರು ಹೊತ್ತಿದ್ದ ಮುನಿನಾರಾಯಣಪ್ಪ ಒಮ್ಮೆ ಹಿಂದಿರುಗಿ ನೋಡಿದ. ಭಾರವನ್ನು ಎಡ ಹೆಗಲಿಂದ ಬಲ ಹೆಗಲಿಗೆ ಬದಲಿಸಿ, ಹಿಂದಿನವರ ಹೆಜ್ಜೆ ತಪ್ಪುವಷ್ಟು ನಿಧಾನವಾಗಿ ನಡೆಯತೊಡಗಿದ, ಆ ಹತ್ತು ಮಾರು ಎರಡಕ್ಕಿಳಿಯುವ ತನಕ.