ಖಾಲಿ ಬಿಟ್ಟ ಎರಡು ಚೌಕ

"ಇಳಸ್ರಿ ಇಲ್ಲೇ," ಎನ್ನುತ್ತ ಚಂದಮ್ಮ ಶವ ಕೂರಿಸಿದ ವಿಮಾನಕ್ಕೆ ಅಡ್ಡ ನಿಂತಳು.

ಹೆಗಲು ಕೊಟ್ಟವರು ಗಕ್ಕನೆ ನಿಂತರು. ಬಿದಿರಿನ ವಿಮಾನದಲ್ಲಿ ಅವಳ ಗಂಡ ಶಂಕರಲಿಂಗ ವಿಭೂತಿ ಧರಿಸಿ, ಹೂಮಾಲೆಯೊಳಗೆ ನೆಟ್ಟಗೆ ಕುಳಿತಿದ್ದ. ರುದ್ರಭೂಮಿಯ ದಾರಿಯ ತುಂಬ ಪಕ್ಕದ ಪಾಲಿಶ್ ಕಾರ್ಖಾನೆಯ ಮಾಲಕ, ನೆಲಕ್ಕೆ ಹಾಸುವ ಎರಡಡಿ ಚೌಕದ ಫರಸಿ ಕಲ್ಲು ಪೇರಿಸಿಟ್ಟಿದ್ದ.

"ವೈನಿ, ಬ್ಯಾಡ್ರಿ. ನಾಲಾದಾಗ ಇಳಿದು ಸುತ್ತಿ ಹೋಗಮು," ಎಂದ ಮೈದುನ ಅಣವೀರ. "ಮಾಲಕನ ಜೋಡಿ ಜಗಳ ಯಾಕ? ಅಣ್ಣ ಇದ್ದಿದ್ರ ಬಿಡ್ರಪಾ ಅಂತಿದ್ದ."

ಸುಳ್ಳಲ್ಲ. ಶಹಾಬಾದಿನಲ್ಲಿ ನಲವತ್ತು ವರ್ಷ ಫರಸಿಗೆ ಪಾಲಿಶ್ ಹಾಕಿದವನು ಯಾರೆದುರೂ ದನಿ ಏರಿಸಿದವನಲ್ಲ. ಹೋದ ತಿಂಗಳು ಪಕ್ಕದ ಮನೆಯ ಶಿವಕಾಂತಮ್ಮನ ವಿಮಾನ ಹೀಗೇ ಸುತ್ತಿ ಹೋಗುವಾಗ ಅದೇ ನಾಲಾದ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಾಗಲೂ, ಜಗಳಕ್ಕೆ ಹೋಗದೆ ಕಾಲು ತೊಳೆದುಕೊಂಡು ಮನೆಗೆ ಬಂದಿದ್ದ.

*

ನಿನ್ನೆ ಮಧ್ಯಾಹ್ನ ಶಂಕರಲಿಂಗ ಪೇಪರನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಪದಬಂಧ ತುಂಬುತ್ತಿದ್ದ. ಸುಳಿವನ್ನು ಗಟ್ಟಿಯಾಗಿ ಓದುವುದು ಅವನ ರೂಢಿ. ಜೋಳ ಹಸನು ಮಾಡುತ್ತ ಕೇಳುವುದು ಅವಳದು.

"ಇದ್ದದ್ದು ಇದ್ದಂತಿರಲಿ, ತಂಟೆ ಬೇಡ. ಎರಡಕ್ಷರ."

"ನಿಮ್ಮನ್ನ ನೋಡೇ ಬರದಾರ," ಎಂದು ಅವಳು ನಕ್ಕಳು. "ಬಿಡು ಅಂತ ಹಾಕ್ರಿ. ದಿನಾ ಅನ್ನೋದು ಅದೇ ಅದ."

ಪೆನ್ನು ನಿಂತಿತು. "ಗೊತ್ತದ. ಬರಿಯಂಗಿಲ್ಲ."

"ಯಾಕ್ರಿ?"

"ಶಿವಕಾಂತಮ್ಮ ಕೆಸರಾಗ ಬಿದ್ದಾಗ ಎಲ್ಲಾರಿಗೂ ಇದೇ ಅಂದಿದ್ದೆ."

ಬೆಳಗಾಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಪದಬಂಧದ ಎರಡು ಚೌಕ ಖಾಲಿಯೇ ಉಳಿದಿದ್ದವು.

*

"ಮಾಲಕ ಬಂದ್ರ?" ಎಂದ ಅಣವೀರ.

"ಬರ್ಲಿ. ಇವರಿಗೇನ್ ಅವಸರ ಇಲ್ಲ. ಹ್ಯಾಂಗೂ ಕುಂತಾರ, ಇನ್ನೊಂದು ತಾಸು ಕುಂದರ್ತಾರ."

ಹಿಂದೆ ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ವಿಮಾನ ನೆಲಕ್ಕಿಳಿಯಿತು.

ಚಂದಮ್ಮ ಸೆರಗು ಸೊಂಟಕ್ಕೆ ಬಿಗಿದು ಮೇಲಿನ ಕಲ್ಲಿಗೆ ಕೈ ಹಾಕಿದಳು. ಅದು ಅಲುಗಲಿಲ್ಲ.

"ಹಂಗಲ್ಲಕ್ಕಾ, ಬೆರಳು ಹೋದಾವ," ಎನ್ನುತ್ತ ಶಂಕರಲಿಂಗನ ಜೊತೆ ಪಾಲಿಶ್ ಹಾಕುತ್ತಿದ್ದ ಅಸದ ಮುಂದೆ ಬಂದ. "ಮಗ್ಗಲಾ ಎಬ್ಬಿಸಿ ಹಿಡಿಬೇಕು. ಅಣವೀರಣ್ಣಾ, ಆ ಕಡೆ ಹಿಡಿ. ಒಂದೂ ಒಡಿಬಾರದು ನೋಡು, ಮಾಲಕನ ಬಾಯಿಗೆ ಮಾತು ಸಿಗಬಾರದು."

ಅಣವೀರ ಅಣ್ಣನ ಮುಖವನ್ನೊಮ್ಮೆ ನೋಡಿ ಧೋತರ ಮೇಲೆ ಕಟ್ಟಿದ.

ಕಲ್ಲುಗಳು ಒಂದೊಂದಾಗಿ ಕಾರ್ಖಾನೆಯ ಗೋಡೆಗೆ ಒರಗಿದವು. ಮಾಲಕನ ಜೀಪು ಬಂದು ಹಾರ್ನ್ ಹೊಡೆಯಿತು. ಯಾರೂ ತಿರುಗಲಿಲ್ಲ.

ಕಲ್ಲುಪುಡಿ ಬಿದ್ದು ಬೆಳ್ಳಗಾಗಿದ್ದ ದಾರಿಯಲ್ಲಿ, ಫರಸಿ ಎದ್ದ ಜಾಗಗಳು ಕರ್ರಗೆ ಚೌಕ ಚೌಕವಾಗಿ ಕಂಡವು. ಶಂಕರಲಿಂಗನ ವಿಮಾನ ಅವನ್ನು ಒಂದೊಂದಾಗಿ ದಾಟುತ್ತ ನೇರ ಮುಂದೆ ಹೋಯಿತು.